ಚೀಲ ಆರಿಸುವವರು ಮೊದಲು ಹೊತ್ತು ನೋಡಲಿ



ನಮ್ಮ ಸಂಘದ ಮಹಾಸಭೆಗೆ ಬಂದವರಿಗೆ ಒಂದೊಂದು ಚೀಲ ಕೊಡುವುದು ಹಳೆಯ ಪದ್ಧತಿ. ವಾರ್ಷಿಕ ವರದಿಯನ್ನು ಬಿಡಿಸಿಯೂ ನೋಡದವರು ಚೀಲವನ್ನು ಮಾತ್ರ ಒಳಗೆ ಹೊರಗೆ ತಿರುಗಿಸಿ ನೋಡುತ್ತಾರೆ. ಲಾಭಾಂಶ ಕಡಿಮೆಯಾದ ವರ್ಷ ಚೀಲ ಚೆನ್ನಾಗಿದ್ದರೆ ಸಭೆ ಬೇಗ ಮುಗಿಯುತ್ತದೆಂಬುದು ಕಾರ್ಯದರ್ಶಿಯಾಗಿ ನನ್ನ ಅನುಭವ.

ಈ ಸಲ ಮೂರು ದರಪಟ್ಟಿಗಳು ಬಂದಿವೆ. ಮೊದಲನೆಯದು ರೆಕ್ಸಿನ್ ಚೀಲ, ಒಂದೇ ಪಟ್ಟಿ, 310 ರೂಪಾಯಿ. ಎರಡನೆಯದು ಗಾಲಿ ಇರುವಂಥದ್ದು, 520. ಮೂರನೆಯದು ತೆಳ್ಳನೆಯ ನೈಲಾನ್ ಬಟ್ಟೆಯದು, ಎರಡು ಹೆಗಲಿಗೂ ಪಟ್ಟಿ, 425. ಆಡಳಿತ ಮಂಡಳಿಯ ಸಭೆಯಲ್ಲಿ ಮೂರನ್ನೂ ಮೇಜಿನ ಮೇಲಿಟ್ಟೆವು. ನಿರ್ದೇಶಕರು ಬಣ್ಣ ನೋಡಿದರು, ಜಿಪ್ ಎಳೆದರು, ಸಂಘದ ಹೆಸರು ಎಷ್ಟು ದೊಡ್ಡದಾಗಿ ಅಚ್ಚಾಗುತ್ತದೆಂದು ಕೇಳಿದರು. ಒಬ್ಬರೂ ಹೆಗಲಿಗೆ ಹಾಕಿ ನೋಡಲಿಲ್ಲ. ನಾನೂ ನೋಡಲಿಲ್ಲ, ಆ ತಪ್ಪಿನಲ್ಲಿ ನನಗೂ ಪಾಲಿದೆ. ರೆಕ್ಸಿನ್ ಚೀಲವೇ ಇರಲಿ ಎಂಬ ಕಡೆಗೆ ಮಾತು ವಾಲಿತ್ತು. ಮನೆಗೆ ಬಂದ ಮೇಲೆ ಹೊಸಪೇಟೆ ಪ್ರವಾಸ ನೆನಪಾಗಿ ನಿದ್ದೆ ಬರಲಿಲ್ಲ. ಆದ್ದರಿಂದ ಈ ನಾಲ್ಕು ಮಾತು. ಇದು ಮಂಡಳಿಯ ತೀರ್ಮಾನವಲ್ಲ, ನನ್ನ ಸ್ವಂತ ಅಭಿಪ್ರಾಯ.

ಕಳೆದ ಮಾರ್ಚ್ ಮೊದಲ ವಾರ, ಕೊಯ್ಲು ಮುಗಿದು ಹೂಮಳೆ ಬೀಳುವುದರೊಳಗೆ ಸಿಗುವ ನಾಲ್ಕು ದಿನದ ಬಿಡುವಿನಲ್ಲಿ, ನಾವು ನಲವತ್ತು ಮಂದಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಸುತ್ತಿ ಬಂದೆವಷ್ಟೆ. ಪ್ರವಾಸದ ವರದಿ ಈ ಪತ್ರಿಕೆಯಲ್ಲೇ ಬಂದಿದೆ. ಅಣೆಕಟ್ಟು, ಬಾಳೆ ತೋಟ, ಕಲ್ಲಿನ ರಥ ಎಲ್ಲವೂ ಅದರಲ್ಲಿದೆ. ಬಿಟ್ಟುಹೋದದ್ದು ಚೀಲದ ಸಂಗತಿ.

ಹಂಪಿಯನ್ನು ಬಸ್ಸಿನಲ್ಲಿ ಕುಳಿತು ನೋಡಲಾಗುವುದಿಲ್ಲ. ವಿರೂಪಾಕ್ಷನ ದರ್ಶನ ಮಾಡಿ, ಬಜಾರಿನ ಕಲ್ಲುಕಂಬಗಳ ಸಾಲು ದಾಟಿ, ಹೊಳೆಯ ದಂಡೆ ಹಿಡಿದು ಕೋದಂಡರಾಮನ ಗುಡಿಯ ಮೇಲೆ ಹಾದು ವಿಠಲ ದೇವಸ್ಥಾನ ಮುಟ್ಟಲು ಸುಮಾರು ಎರಡು ಕಿಲೋಮೀಟರು. ಬಸ್ಸನ್ನು ಸುತ್ತು ದಾರಿಯಲ್ಲಿ ಆ ಕಡೆಗೆ ಕಳಿಸಿ ನಾವು ನಡೆದೆವು. ಮಧ್ಯಾಹ್ನದ ಬುತ್ತಿ, ಇಬ್ಬರಿಗಾಗುವಷ್ಟು ನೀರು, ಹೊಳೆಯಲ್ಲಿ ಮುಳುಗಿ ಏಳಲು ಪಂಚೆ ಟವೆಲು, ಮಾತ್ರೆಗಳು, ಎಲ್ಲವೂ ಹಿಂದಿನ ವರ್ಷ ಸಂಘವೇ ಕೊಟ್ಟಿದ್ದ ಒಂಟಿ ಪಟ್ಟಿಯ ಚೀಲದಲ್ಲಿ. ಮಲೆನಾಡಿನ ನೆರಳಿನಲ್ಲಿ ಬೆಳೆದವರು ಆ ಬಂಡೆಗಳ ನಡುವೆ ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ ಸಿಕ್ಕಿಬಿದ್ದರೆ ಏನಾಗುತ್ತದೋ ಅದೇ ಆಯಿತು. ವಿಠಲನ ಗುಡಿಗೆ ಇನ್ನೂ ಸ್ವಲ್ಪ ದೂರವಿರುವಾಗ ರಾಜರ ತುಲಾಭಾರದ ಕಂಬಗಳು ಸಿಗುತ್ತವೆ: ಎರಡು ಕಲ್ಲುಕಂಬ, ಮೇಲೊಂದು ಅಡ್ಡ ತೊಲೆ, ತೊಲೆಯಲ್ಲಿ ತಕ್ಕಡಿ ಕಟ್ಟಲು ಮೂರು ಬಳೆ. ಅಲ್ಲಿಗೆ ಬರುವಷ್ಟರಲ್ಲಿ ಇಬ್ಬರ ಚೀಲದ ಪಟ್ಟಿ ಹೊಲಿಗೆ ಬಿಚ್ಚಿತ್ತು. ಒಬ್ಬರು ಚೀಲವನ್ನು ಮಗುವಿನಂತೆ ಎದೆಗವಚಿಕೊಂಡಿದ್ದರು. ಎಪ್ಪತ್ತು ದಾಟಿದ ಹಿರಿಯ ಸದಸ್ಯರೊಬ್ಬರು ನೆರಳಿಗೆ ಕುಳಿತು, "ಸೆಕ್ರೆಟರಿಗಳೇ, ಇಲ್ಲಿ ಅರಸರು ಬಂಗಾರದ ಜೊತೆ ತೂಗಿಸಿಕೊಳ್ತಿದ್ರಂತೆ. ನೀವು ಕೊಟ್ಟ ಚೀಲಾನೂ ಒಂದ್ಸಲ ತೂಗಿ ನೋಡ್ಬಹುದಿತ್ತು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರಿಗೆ ಬಂದು ಆ ಚೀಲವನ್ನು ಡಿಪೋದ ಸಣ್ಣ ತಕ್ಕಡಿಗೆ ಹಾಕಿದೆ. ಬರಿ ಚೀಲವೇ ಒಂದು ಕಿಲೋ ಮುನ್ನೂರು ಗ್ರಾಂ. ಐದು ಕಿಲೋ ಸಾಮಾನು ಹೊರಲು ಒಂದೂಕಾಲು ಕಿಲೋ ದಂಡ. ಅಂದು ರಾತ್ರಿ ಹೊಸಪೇಟೆಯ ವಸತಿಗೃಹದಲ್ಲಿ ಅಂಗಿ ಬಿಚ್ಚಿದಾಗ ನನ್ನ ಎಡ ಹೆಗಲಿನ ಮೇಲೆ ಬೆರಳಗಲ ಕೆಂಪು ಗೆರೆ ಎದ್ದಿತ್ತು. ಆ ಗೆರೆಯನ್ನು ನಾನು ನಲವತ್ತು ವರ್ಷಗಳ ಹಿಂದೆ ಅದೇ ಹೆಗಲ ಮೇಲೆ ನೋಡಿದ್ದೆ.

ಆಗ ನಾನು ಏಳನೆಯ ತರಗತಿ. ನಮ್ಮ ಕಡೆ ತೋಟಗಾರರ ಕ್ಲಬ್ಬೊಂದರಲ್ಲಿ ಗಾಲ್ಫ್ ಆಡುತ್ತಿದ್ದರು. ಕಾಫಿ ಸೀಮೆಗೆ ಗಾಲ್ಫ್ ಹೊಸದಲ್ಲ. ಇಂದಿಗೂ ಮಡಿಕೇರಿಯಲ್ಲಿ, ವಿರಾಜಪೇಟೆ ಕಡೆಯ ಬಿಟ್ಟಂಗಾಲದಲ್ಲಿ, ಚಿಕ್ಕಮಗಳೂರಿನಲ್ಲಿ ಆಟದ ಮೈದಾನಗಳಿವೆ. ಬೆಂಗಳೂರು ಗಾಲ್ಫ್ ಕ್ಲಬ್ ಆದದ್ದು 1876ರಲ್ಲಿ. ಬೇಸಿಗೆ ರಜೆಯಲ್ಲಿ ನಾವು ಹುಡುಗರು ಆಟಗಾರರ ಕೋಲುಗಳ ಚೀಲ ಹೊರಲು ಹೋಗುತ್ತಿದ್ದೆವು, ಒಂದು ಸುತ್ತಿಗೆ ಎರಡು ರೂಪಾಯಿ. ದಪ್ಪ ಚರ್ಮದ ಚೀಲ, ಕಬ್ಬಿಣದ ಕೋಲುಗಳು, ಒಂದೇ ಪಟ್ಟಿ. ಹದಿನೆಂಟು ಕುಳಿಗಳ ಒಂದು ಸುತ್ತೆಂದರೆ ಎಂಟು ಹತ್ತು ಕಿಲೋಮೀಟರು ನಡಿಗೆ. ಪ್ರತಿ ಹೊಡೆತಕ್ಕೂ ಚೀಲ ಇಳಿಸಬೇಕು, ಮತ್ತೆ ಬಗ್ಗಿ ಎತ್ತಬೇಕು. ನೆಲ ಒದ್ದೆಯಾಗಿದ್ದರೆ ಇಳಿಸುವಂತೆಯೂ ಇಲ್ಲ, ಧಣಿಗಳು ಹೊಡೆದು ಮುಗಿಸುವವರೆಗೆ ಹೊತ್ತೇ ನಿಲ್ಲಬೇಕು. ಎರಡು ರೂಪಾಯಿ ಆಸೆಗೆ ಹೋಗುತ್ತಿದ್ದೆವು, ಯಾರೂ ಬಲವಂತ ಮಾಡಿರಲಿಲ್ಲ. ಆದರೆ ಆ ಚೀಲವನ್ನು ಅಂಗಡಿಯಲ್ಲಿ ಆರಿಸಿದವರು ಒಂದು ದಿನವೂ ಅದನ್ನು ಹೊತ್ತವರಲ್ಲ ಎಂಬುದು ಆ ವಯಸ್ಸಿಗೇ ನನಗೆ ಹೊಳೆದಿತ್ತು.

ಈಗ ತಿಂಗಳಿಗೊಂದು ಭಾನುವಾರ ನಾನೂ ಆಡುತ್ತೇನೆ. ಸಂಘದ ಕಾರ್ಯದರ್ಶಿ ಗಾಲ್ಫ್ ಆಡುತ್ತಾನೆಂದು ಹುಬ್ಬೇರಿಸಬೇಡಿ. ಬಿಡದಿ ಬಳಿ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ವೃತ್ತಿ ಆಟಗಾರನಾಗಿ ಬೆಳೆದ ಕಾಲ ಇದು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ತಾನು ಬಳಸಿದ ಕೋಲುಗಳನ್ನು ಕೊಟ್ಟ. ಚೀಲ ಮಾತ್ರ ಹೊಸದು ತೆಗೆದುಕೊಳ್ಳೋಣ ಎಂದು ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹೊಳೆಯುವ ದೊಡ್ಡ ಚೀಲ. "ಬೇಡ ಚಿಕ್ಕಪ್ಪ, ಅದು ಕ್ಯಾಡಿ ಇರುವವರಿಗೆ. ಹೊರುವವರು ನೀವೇ ತಾನೇ?" ಎಂದ. ನನ್ನ ಹಳೆಯ ತತ್ವವನ್ನು ನನಗೇ ನೆನಪಿಸಿದ.

ಅವನು ವಿವರಿಸಿದ್ದನ್ನು ಇಲ್ಲಿ ಹೇಳುತ್ತೇನೆ. ಆಡುವ ಒಂದಿಬ್ಬರಿಗೆ ನೇರವಾಗಿ, ಉಳಿದವರಿಗೆ ಯಾವ ಚೀಲಕ್ಕಾದರೂ ಉಪಯೋಗಕ್ಕೆ ಬರುತ್ತದೆ. ದೊಡ್ಡ ಪಂದ್ಯಗಳಲ್ಲಿ ನೋಡುವ ಚೀಲಗಳು ತುಂಬಿದಾಗ ಹದಿನೆಂಟು ಇಪ್ಪತ್ತು ಕಿಲೋ ತೂಗುತ್ತವಂತೆ. ಅಷ್ಟು ದೊಡ್ಡದಿರಲು ಒಂದು ಕಾರಣ, ಮೇಲೆ ಕಂಪನಿಯ ಹೆಸರು ದೂರಕ್ಕೆ ಕಾಣಬೇಕು. ಸ್ವತಃ ಹೊತ್ತು ನಡೆಯುವವರಿಗೆಂದೇ ಬೇರೆ ಜಾತಿಯ ಚೀಲವಿದೆ, ಸ್ಟ್ಯಾಂಡ್ ಬ್ಯಾಗ್ ಎನ್ನುತ್ತಾರೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಚಾಲ್ತಿಗೆ ಬಂದದ್ದು. ಬರಿ ಚೀಲ ಒಂದೂವರೆಯಿಂದ ಎರಡೂವರೆ ಕಿಲೋ. ಅದಕ್ಕೆ ಎರಡು ಸಣ್ಣ ಕಾಲು. ನೆಲಕ್ಕೆ ಊರಿ ಸ್ವಲ್ಪ ಓರೆ ಮಾಡಿದರೆ ತಳ ಒತ್ತಿ, ಒಳಗಿನ ಸರಳು ದಬ್ಬಿ ಕಾಲುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಎತ್ತಿದರೆ ಮಡಚಿಕೊಳ್ಳುತ್ತವೆ. ಬಗ್ಗುವ ಕೆಲಸವಿಲ್ಲ, ಕೆಸರಿನ ಅಂಜಿಕೆಯಿಲ್ಲ. ಕಾಸರಗೋಡು ಕಡೆ ಹಳೆಯ ದಾರಿಗಳ ಪಕ್ಕ ಹೊರೆ ಇಳಿಸುವ ಕಲ್ಲು ನಿಲ್ಲಿಸುತ್ತಿದ್ದರಲ್ಲ, ಅತ್ತಾಣಿ ಎನ್ನುತ್ತಾರೆ. ತಲೆಹೊರೆಯವನು ಇನ್ನೊಬ್ಬರ ಸಹಾಯವಿಲ್ಲದೆ ಅದರ ಮೇಲೆ ಭಾರ ಜರುಗಿಸಿ ಉಸಿರು ಬಿಡುತ್ತಿದ್ದ. ಆ ಕಲ್ಲನ್ನು ಚೀಲಕ್ಕೇ ಕಟ್ಟಿಕೊಂಡು ಹೋದಂತಾಯಿತು.

ಎರಡನೆಯ ಗುಣ ಅದರ ಜೋಡಿ ಪಟ್ಟಿ. ಭಾರ ಎರಡೂ ಹೆಗಲಿಗೆ ಹಂಚಿ ಬೆನ್ನ ನಡುವೆ ಕೂರುತ್ತದೆ, ಬೆನ್ನುಮೂಳೆ ಒಂದು ಕಡೆಗೆ ಬಾಗುವುದಿಲ್ಲ. ಸೊಂಟಕ್ಕೆ ತಾಗುವ ಕಡೆ ಮೆತ್ತೆ ಇರಬೇಕು. ಪಟ್ಟಿಯನ್ನು ಉದ್ದ ಗಿಡ್ಡ ಮಾಡುವಂತಿರಬೇಕು. ಅಂಗಡಿಯಲ್ಲಿ ಬರಿ ಚೀಲ ಎತ್ತಿ ನೋಡಿ ಹಗುರವೆಂದು ಮರುಳಾಗಬಾರದು. ತುಂಬಿಸಿ, ಹೆಗಲಿಗೆ ಹಾಕಿ ಹತ್ತು ನಿಮಿಷ ಓಡಾಡಬೇಕು. ತೀರಾ ಹಗುರವಾದದ್ದರಲ್ಲಿ ಪಟ್ಟಿಯ ಮೆತ್ತೆಯನ್ನೇ ಕಡಿತ ಮಾಡಿರುತ್ತಾರೆ. ಅಂಥದ್ದಕ್ಕಿಂತ ಅರ್ಧ ಕಿಲೋ ಹೆಚ್ಚಿರುವ, ಒಳ್ಳೆಯ ಪಟ್ಟಿಯ ಚೀಲವೇ ಮೈಗೆ ಹಗುರ. ಇದನ್ನು ತಕ್ಕಡಿ ಹೇಳುವುದಿಲ್ಲ, ಹೆಗಲು ಹೇಳುತ್ತದೆ. ಜೇಬುಗಳು ಹೆಚ್ಚಾದಷ್ಟೂ ಒಳ್ಳೆಯದೆಂಬುದೂ ಭ್ರಮೆ. ಖಾಲಿ ಜೇಬನ್ನು ಮನುಷ್ಯ ಸುಮ್ಮನೆ ಬಿಡುವುದಿಲ್ಲ, ಏನನ್ನಾದರೂ ತುಂಬುತ್ತಾನೆ.

ಪ್ರಯಾಣಕ್ಕಾದರೆ ಇನ್ನೊಂದೆರಡು ಎಚ್ಚರಿಕೆ. ಬಸ್ಸಿನ ಡಿಕ್ಕಿಗೋ ವಿಮಾನಕ್ಕೋ ಹಾಕುವಾಗ ಆ ಕಾಲುಗಳನ್ನು ಪಟ್ಟಿಯಿಂದ ಬಿಗಿದು ಕಟ್ಟಬೇಕು, ಮುರಿಯುವುದು ಮೊದಲು ಅವೇ. ಮೇಲೊಂದು ಹೊರಚೀಲ ಬೇಕು. ಕೋಲುಗಳ ನಡುವೆ ಅವೆಲ್ಲಕ್ಕಿಂತ ಉದ್ದದ ಒಂದು ಗಟ್ಟಿ ದೊಣ್ಣೆ ನಿಲ್ಲಿಸಿದರೆ ಬೀಳುವ ಪೆಟ್ಟು ಅದಕ್ಕೆ ಬೀಳುತ್ತದೆ. ಕೋಲುಗಳ ತಲೆಗೆ ಟವೆಲು ಸುತ್ತಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಚೀಲದಲ್ಲಿಲ್ಲ. ಆಟದ ನಿಯಮ ಹದಿನಾಲ್ಕು ಕೋಲುಗಳವರೆಗೆ ಒಯ್ಯಲು ಬಿಡುತ್ತದೆ; ಒಯ್ಯಲೇಬೇಕೆಂದು ಹೇಳುವುದಿಲ್ಲ. ಹದಿನಾಲ್ಕಕ್ಕೆ ಐದಾರು ಕಿಲೋ. ನಾನು ಏಳು ಕೋಲಿನಲ್ಲಿ ಆಡುತ್ತೇನೆ. ಹದಿನಾಲ್ಕಿದ್ದರೂ ಇದಕ್ಕಿಂತ ಚೆನ್ನಾಗಿ ಆಡುತ್ತಿರಲಿಲ್ಲ. ಕೋಲುಗಳ ದಂಡ ಉಕ್ಕಿನ ಬದಲು ಕಾರ್ಬನ್ ನಾರಿನದಾದರೆ ಮತ್ತಷ್ಟು ಹಗುರ. ಇದು ನಮಗೆ ಹೊಸ ವಸ್ತುವೇನಲ್ಲ. ಅಡಕೆ ಕೊನೆ ಕೊಯ್ಯಲು, ಔಷಧಿ ಹೊಡೆಯಲು ಈಗ ಬಂದಿರುವ ದೋಟಿ ಅದೇ ಕಾರ್ಬನ್ ನಾರಿನದು. ಅಲ್ಯೂಮಿನಿಯಂ ದೋಟಿ ಹಿಡಿದು ಕತ್ತು ನೋಯಿಸಿಕೊಂಡವರು ಈ ದೋಟಿಗೆ ದುಬಾರಿ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟರು. ಹಿಡಿಯುವವರು ತಾವೇ ಆದಾಗ ಹಗುರದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಹಾಸಭೆಯ ಚೀಲಕ್ಕೆ ಬರುತ್ತೇನೆ. ನಿರ್ದೇಶಕರೊಬ್ಬರು, "ಸಂಡೂರಿನಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಚೀಲ ನೋಡಿದೆವಲ್ಲ, ಎಲ್ಲರಿಗೂ ಅದನ್ನೇ ತರಿಸೋಣ" ಎಂದಿದ್ದರು. ಅವರ ಮನಸ್ಸು ದೊಡ್ಡದು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ನಾವು ಕಂಡ ಕೆಲಸ ಸಾಮಾನ್ಯವಲ್ಲ; ಕನ್ನಡಿ, ಕವಡೆ, ತುಂಡು ಬಟ್ಟೆಗಳ ಜೋಡಣೆ, ನಾನಾ ಬಗೆಯ ಹೊಲಿಗೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ ನಾನೂರೈವತ್ತಕ್ಕೂ ಮಿಕ್ಕಿದ ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಗಣಿಯ ಕೆಂಪು ಧೂಳಿನ ಊರಿನಲ್ಲಿ ಸೂಜಿ ದಾರವೂ ಒಂದು ಜೀವನೋಪಾಯವಾಗಿರುವುದು ಸಣ್ಣ ಮಾತಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಅದಿರಿನ ಕೂಲಿ ಒಂದನ್ನೇ ನಂಬಿದ ಮನೆಗೂ ಸೂಜಿಯ ಸಂಪಾದನೆ ಇದ್ದ ಮನೆಗೂ ಅಂಥ ಹೊತ್ತಿನಲ್ಲಿ ಇರುವ ವ್ಯತ್ಯಾಸವನ್ನು, ಕಾಫಿಯ ಜೊತೆ ಮೆಣಸು ಬೆಳೆಸಿ ಬದುಕಿದ ನಮಗೆ ವಿವರಿಸಬೇಕಾಗಿಲ್ಲ.

ಆದರೂ ನಡೆಯುವವನ ಚೀಲ ಅದಲ್ಲ. ಕನ್ನಡಿ ಕವಡೆಗೆ ತಮ್ಮದೇ ತೂಕವಿದೆ. ನಾನು ಮನೆಯವರಿಗೆಂದು ತಂದ ಚೀಲಕ್ಕೆ ಬುತ್ತಿ ನೀರು ತುಂಬಿ ಗುಡ್ಡ ಹತ್ತಿಸುವುದು ಆ ಕೈಕೆಲಸಕ್ಕೇ ಅನ್ಯಾಯ. ನಮ್ಮ ಮಳೆಗಾಲವನ್ನು ಕೇಳಲೇ ಬೇಡಿ. ನನ್ನ ಸಲಹೆ ಬೇರೆ: ಸಭೆಗೆ ಬರುವ ಅತಿಥಿಗಳಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಂದು ಮಾಡುವ ಖರ್ಚಿನಲ್ಲಿ ಸಂಡೂರಿನ ಕಸೂತಿ ಚೀಲ ಕೊಡೋಣ. ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವರು ಅವರು.

ಹೊಳೆಯಾಚೆ ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ ಹೆಣೆಯುವುದನ್ನೂ ಕಂಡೆವು. ಗೊನೆ ಕಡಿದ ಮೇಲೆ ನಾವು ಅಡಕೆ ತೋಟದ ಬುಡಕ್ಕೆ ಎಸೆಯುವ ಬಾಳೆದಿಂಡಿನಿಂದ ನಾರು ತೆಗೆದು, ಹುರಿ ಮಾಡಿ ಹೆಣೆಯುತ್ತಾರೆ. ಚೀಲ ಹಗುರವೇನೋ ಹೌದು. ಆದರೆ ಜೂನ್ ತಿಂಗಳಲ್ಲಿ ನಮ್ಮ ಮನೆಯ ಗಿಳಿಗೂಟಕ್ಕೆ ನೇತು ಹಾಕಿದರೆ ಆಗಸ್ಟಿಗೆ ಬೂಷ್ಟು ಬೆಳೆದಿರುತ್ತದೆ. ಸಂತೆಗೆ ಆಗಬಹುದು, ಪ್ರವಾಸಕ್ಕೆ ಬೇಡ.

ಹೀಗಾಗಿ ನನ್ನ ಮತ ಮೂರನೆಯ ಮಾದರಿಗೆ. ಬರಿ ಚೀಲ ಆರುನೂರು ಗ್ರಾಂ, ಜೋಡಿ ಪಟ್ಟಿ, ಪಟ್ಟಿಯ ಬುಡದಲ್ಲಿ ಅಡ್ಡಡ್ಡ ಹೊಲಿಗೆ ಹಾಕಿದ್ದಾರೆ. ಗಾಲಿಯ ಚೀಲದ ಮಾತೇ ಬೇಡ. ನಮ್ಮ ತೋಟದ ರಸ್ತೆಗೆ ಟ್ರ್ಯಾಕ್ಟರಿನ ಗಾಲಿಯೇ ತಡೆಯುವುದಿಲ್ಲ. ರೆಕ್ಸಿನ್ ಚೀಲಕ್ಕಿಂತ ನೂರಾ ಹದಿನೈದು ರೂಪಾಯಿ ಹೆಚ್ಚು, 640 ಸದಸ್ಯರಿಗೆ 73,600 ರೂಪಾಯಿ ಹೆಚ್ಚುವರಿ ಎಂದು ಲೆಕ್ಕ ಹಾಕಿ ಹೇಳಿದ್ದಾರೆ. ಲೆಕ್ಕ ಸರಿ. ಆದರೆ 310ರ ಚೀಲವನ್ನು ವರ್ಷ ವರ್ಷ ಕೊಡುವ ಬದಲು 425ರದ್ದನ್ನು ಎರಡು ವರ್ಷಕ್ಕೊಮ್ಮೆ ಕೊಟ್ಟರೆ ಒಬ್ಬ ಸದಸ್ಯನಿಗೆ 195 ರೂಪಾಯಿ ಸಂಘಕ್ಕೇ ಉಳಿಯುತ್ತದೆ. ನಡುವಿನ ವರ್ಷ ಚೀಲವಿಲ್ಲದೆ ಸಭೆ ನಡೆಸುವ ಧೈರ್ಯ ಮಂಡಳಿಗಿರಬೇಕು, ಅಷ್ಟೆ. ಸಂಘದ ಹೆಸರು ಮೂಲೆಯಲ್ಲಿ ಎರಡು ಬೆರಳಗಲ ಇದ್ದರೆ ಸಾಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಂಪ್ಲಿಯಲ್ಲಿ ಕಂಡ ಒಂದು ನೋಟ ಬಿಡುತ್ತಿಲ್ಲ. ರಸ್ತೆ ಬದಿಯ ಗದ್ದೆಯಲ್ಲಿ ಕಬ್ಬು ಕಡಿದು ಲಾರಿಗೆ ತುಂಬುತ್ತಿದ್ದರು. ತಲೆಗೆ ಟವೆಲಿನ ಸಿಂಬಿ, ಅದರ ಮೇಲೆ ಕಬ್ಬಿನ ಕಟ್ಟು, ಓರೆಯಾಗಿ ಇಟ್ಟ ಒಂಟಿ ಹಲಗೆಯ ಮೇಲೆ ಹತ್ತಿಹೋಗುವುದು. ನಮ್ಮವರು ಬಸ್ಸಿನ ಕಿಟಕಿಯಿಂದ ಅಯ್ಯೋ ಎಂದರು. ನಾನೂ ಅಂದೆ. ಅಂದ ಮೇಲೆ ನಮ್ಮ ತೋಟಗಳ ನೆನಪಾಯಿತು. ಹಣ್ಣು ಕೊಯ್ಲಿನಲ್ಲಿ ಸಂಜೆ ನಾಲ್ಕಕ್ಕೆ ಇಳಿಜಾರಿನಲ್ಲಿ ಹಣ್ಣಿನ ಚೀಲ ಹೊತ್ತು ಕಣಕ್ಕೆ ಬರುವವರು ಬಹುಪಾಲು ಹೆಂಗಸರು. ಚೀಲದ ಅಳತೆ ಆರಿಸಿದವರು ನಾವು.

ಶಾಲೆಯ ಮಕ್ಕಳ ಚೀಲ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ನೀತಿ ಹೇಳುತ್ತದೆ. ಗಂಡಸೊಬ್ಬ ಕೈಯಾರೆ ಹೊರುವ ಭಾರ 55 ಕಿಲೋ ಮೀರಬಾರದು, ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆಯಿರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ನಮ್ಮ ಡಿಪೋ ಐವತ್ತು ಕಿಲೋ ಗೋಣಿಯನ್ನೇ ಕೇಳುತ್ತದೆ. ತೋಟದಿಂದ ಡಿಪೋವರೆಗೆ ಅದೇ ಗೋಣಿ ಸಾಗಲಿ, ಚೀಲ ಬದಲಿಸುವ ಕೆಲಸ ಉಳಿಯಲಿ ಎಂದು ನಾವು ತೋಟದಲ್ಲೂ ಅದನ್ನೇ ತುಂಬಿಸುತ್ತೇವೆ. ಮೂವತ್ತು ಕಿಲೋ ಚೀಲವನ್ನೂ ಡಿಪೋ ತೆಗೆದುಕೊಳ್ಳಲಿ ಎಂದು ಎರಡು ವರ್ಷದ ಹಿಂದೆ ಒಬ್ಬ ಸದಸ್ಯೆ ಬರೆದುಕೊಟ್ಟಿದ್ದರು. ಆಗ ವಿರೋಧಿಸಿದವರಲ್ಲಿ ನಾನೂ ಒಬ್ಬ. ಹಮಾಲಿ ಕೂಲಿ ಚೀಲಕ್ಕೆ ಇಷ್ಟೆಂದು ಇರುವುದರಿಂದ, ಮೂರು ಸಾವಿರ ಕಿಲೋಗೆ ಅರವತ್ತು ಚೀಲದ ಕೂಲಿಯ ಬದಲು ನೂರು ಚೀಲದ ಕೂಲಿ ಬೀಳುತ್ತದೆ ಎಂಬುದು ನನ್ನ ವಾದವಾಗಿತ್ತು. ಲೆಕ್ಕ ಈಗಲೂ ತಪ್ಪಲ್ಲ. ಆದರೆ ಹಮಾಲರೊಡನೆ ಕೂತು ಕೂಲಿಯನ್ನು ತೂಕಕ್ಕೆ ಗೊತ್ತುಮಾಡಿಕೊಳ್ಳುವ ಪ್ರಯತ್ನವನ್ನೇ ನಾವು ಮಾಡಲಿಲ್ಲ. ಆ ಅರ್ಜಿ ನನ್ನ ಕಡತದಲ್ಲೇ ಇದೆ. ಈ ಸಲದ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಮತ್ತೆ ಸೇರಿಸಿದ್ದೇನೆ.

ಮೂರು ಮಾದರಿ ಚೀಲಗಳನ್ನು ಕಚೇರಿಯಲ್ಲಿ ಇಟ್ಟಿದ್ದೇವೆ. ಮೂರರಲ್ಲೂ ಐದೈದು ಕಿಲೋ ಮೆಣಸು ತುಂಬಿಸಿದೆ. ಡಿಪೋಗೆ ಬಂದವರು ಒಂದೊಂದನ್ನೂ ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಹೋಗಿ ಬಂದು, ಯಾವುದು ಬೇಕೆಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕಾಗಿ ಕೋರಿಕೆ. ಪಕ್ಕದಲ್ಲೇ ಒಂದು ಐವತ್ತು ಕಿಲೋ ಗೋಣಿ, ಒಂದು ಮೂವತ್ತು ಕಿಲೋದ್ದು ಇದೆ. ನಿರ್ದೇಶಕರೂ ಎತ್ತಿ ನೋಡಬಹುದು.